ಕರಿ ಗೆರೆಯ ಇಳಿಜಾರು

ನನ್ನ ಗಂಡ ಪರಮೇಶ ಹಿಮದ ಮೇಲೆ ಒಂದು ದಿನವೂ ಜಾರಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 2010ರ ಜನವರಿಯವರೆಗೆ ಇದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ ಮಾತ್ರ. ಮುಧೋಳ, ಜಮಖಂಡಿ, ಬೀಳಗಿ ಕಡೆಯ ಉಳಿದ ಮಂದಿಗೆಲ್ಲ ಅವರು ‘ಬರ್ಫ್ ಸಾಹೇಬ್ರು’. ಮಿಲಿಟರಿಯಲ್ಲಿದ್ದಾಗ ಕಾಶ್ಮೀರದ ಗುಡ್ಡದಲ್ಲಿ ಸ್ಕೀಯಿಂಗ್ ಕಲಿಸಿದವರು, ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಗಾಳಿಯಂತೆ ಇಳಿದವರು ಎಂದು ಹೆಸರು.

ಆ ಸುಳ್ಳು ಹುಟ್ಟಿದ್ದು 1998ರಲ್ಲಿ, ಇವರು ನನ್ನನ್ನು ನೋಡಲು ಬಂದ ದಿನ. ನಮ್ಮ ಸೋದರಮಾವ ಅವಲಕ್ಕಿ ತಟ್ಟೆ ಮುಂದಿಡುತ್ತ, “ಮಿಲ್ಟ್ರಿಯೊಳಗ ಏನ ಕೆಲಸ ಮಾಡ್ತೀರಿ?” ಎಂದು ಕೇಳಿದರು. ‘ಸ್ಟೋರಿನಲ್ಲಿ ಕೂತು ಬೂಟು ಕೊಡುತ್ತೇನೆ’ ಎನ್ನಲು ಇವರಿಗೆ ಬಾಯಿ ಬರಲಿಲ್ಲ. “ಬರ್ಫಿನ ಮ್ಯಾಲ ಜಾರೋದು ಕಲಸ್ತೇನ್ರಿ” ಅಂದರು. ನಮ್ಮ ಕಡೆ ಐಸ್ ಕ್ಯಾಂಡಿಯ ಪೆಟ್ಟಿಗೆ ಬಿಟ್ಟರೆ ಬೇರೆಲ್ಲೂ ಬರ್ಫ್ ಕಂಡವರಿಲ್ಲ. ಅಡ್ಡ ಪ್ರಶ್ನೆ ಹಾಕುವವರು ಯಾರು? ಮದುವೆಯಾಗಿ ನಾಲ್ಕು ತಿಂಗಳ ಮೇಲೆ ನನಗೆ ಖರೆ ಹೇಳಿದರು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ನಗು ಬಂತು, ಬಿಟ್ಟುಕೊಟ್ಟೆ.

ಖರೆ ಏನೆಂದರೆ, ಏಳು ಚಳಿಗಾಲ ಇವರು ಒಂದು ಕಟ್ಟಿಗೆಯ ಕೌಂಟರಿನ ಹಿಂದೆ ನಿಂತಿದ್ದರು. ಬೆಳಗ್ಗೆ ಸೈನಿಕರಿಗೆ ಪಟ್ಟಿ, ಬೂಟು, ಕೋಲು ಕೊಡುವುದು. ಸಂಜೆ ವಾಪಸು ಪಡೆದು ಒರೆಸಿ ಮೇಣ ಹಚ್ಚುವುದು. ಉಳಿದವರು ಜಾರುವ ಹೊತ್ತಿಗೆ ಇವರಿಗೆ ಸ್ಟೋರು, ಇವರಿಗೆ ಬಿಡುವು ಸಿಗುವ ಹೊತ್ತಿಗೆ ಹೊರಗೆ ಕತ್ತಲೆ. ಆದರೆ ಮುರಿದ ಸಾಮಾನು ವಾಪಸು ತೆಗೆದುಕೊಳ್ಳುವವನಿಗೆ ಯಾರು ಯಾಕೆ ಬಿದ್ದರು ಎಂಬುದು ಪೂರಾ ಗೊತ್ತಾಗುತ್ತದೆ. ಪ್ರತಿಯೊಬ್ಬನೂ ಕೌಂಟರಿಗೆ ಮೊಣಕೈ ಊರಿ ತನ್ನ ಬಿದ್ದ ಕಥೆ ಹೇಳಿಯೇ ಹೋಗುತ್ತಿದ್ದ. ಇವರು ಮೇಣ ತಿಕ್ಕುತ್ತ ಕೇಳುತ್ತಿದ್ದರು. ಒಂದೇ ಒಂದು ಸಲ ಕಾಲಿಗೆ ಕಟ್ಟಿಕೊಳ್ಳಬೇಕಿತ್ತು ಎಂಬ ಆಸೆ ಪಿಂಚಣಿ ಪಡೆದು ಬಂದಮೇಲೂ ಇವರನ್ನು ಬಿಡಲಿಲ್ಲ. ಟಿವಿಯಲ್ಲಿ ಹಿಮ ಕಂಡರೆ ಊಟದ ತಟ್ಟೆ ಮರೆತು ಕೂರುತ್ತಿದ್ದರು.

2009ರ ಕೊನೆಗೆ ಒಂದು ಬೀಜದ ಕಂಪನಿ ನಮ್ಮ ಭಾಗದ ಹನ್ನೊಂದು ಮಂದಿ ಡೀಲರರಿಗೆ ಆಸ್ಟ್ರಿಯಾ ದೇಶದ ಗುಡ್ಡದೂರಿನಲ್ಲಿ ಒಂದು ವಾರದ ಸ್ಕೀಯಿಂಗ್ ರಜೆ ಘೋಷಿಸಿತು. ಹೆಚ್ಚು ಬೀಜ ಮಾರಿದ್ದಕ್ಕೆ ಬಹುಮಾನವಂತೆ. ಜೋಳ, ಗೋವಿನಜೋಳ ಮಾರುವವರನ್ನು ಹಿಮದ ಮೇಲೆ ಜಾರಿಸುವ ಯೋಚನೆ ಯಾವ ಪುಣ್ಯಾತ್ಮನಿಗೆ ಬಂತೋ. ಅವರ ಪೈಕಿ ಮುಂದಾಳು ಜಮಖಂಡಿಯ ಅಣ್ಣಾಸಾಹೇಬ. ನಲವತ್ತಾರು ವಯಸ್ಸು, ತೊಂಬತ್ತು ಕಿಲೋ ಮೈ, ಒಮ್ಮೆ ಹಿಡಿದದ್ದನ್ನು ಬಿಡದ ಜಾತಿಯ ಮನುಷ್ಯ. ನಮ್ಮವರಂತೆಯೇ ಕುರಿ ಕಾಯುವ ಮನೆತನ, ಅವರ ಅಪ್ಪನ ಕೊನೆಗಾಲಕ್ಕೆ ಗೊಬ್ಬರದ ಅಂಗಡಿಯಾಯಿತು. ಒಂದು ರವಿವಾರ ಪೇಡೆ ಹಿಡಿದುಕೊಂಡು ಮುಧೋಳದ ನಮ್ಮ ಮನೆಗೆ ಬಂದ.

“ಪರಮೇಶ ಸಾಹೇಬ್ರ, ನಾಕು ತಾಲೂಕಿನ್ಯಾಗ ಬರ್ಫ್ ಗೊತ್ತಿದ್ದಾವ್ರು ನೀವೊಬ್ರ. ಕಂಪನಿಯವ್ರಿಗಿ ಹೇಳೇನಿ. ನಮ್ಮ ಜೋಡಿ ಹನ್ನೆರಡನೇದಾವ್ರು ನೀವ. ಎಲ್ಲಾ ಖರ್ಚು ಅವ್ರದು.”

ಇವರು ನನ್ನ ಮುಖ ನೋಡಿದರು. ನಾನು ಚಹಾ ಸೋಸುವುದರಲ್ಲಿ ಮಗ್ನಳಾದೆ. ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. ಆಸೆ ಯಾರನ್ನು ಬಿಟ್ಟಿದೆ?

ಇವರಿಗಾಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಭದ್ರತೆಯ ಮೇಲ್ವಿಚಾರಕನ ಕೆಲಸ. ಕಬ್ಬು ನುರಿಸುವ ಹಂಗಾಮು, ಅಂಗಳದಲ್ಲಿ ರಸ ಹಿಂಡಿದ ಸಿಪ್ಪೆಯ ರಾಶಿ ಮೂರು ಮಾಳಿಗೆ ಎತ್ತರಕ್ಕೆ ಬಿದ್ದಿತ್ತು. ಪ್ರತಿ ರವಿವಾರ ಬೆಳಗ್ಗೆ ಹನ್ನೊಂದು ಡೀಲರರೂ ಅಲ್ಲಿಗೆ ಹಾಜರು. ಮೊದಲ ಪಾಠ ಬೈಠಕ್. “ಹೊಂಡಾಕ ಇನ್ನ ಆರ ವಾರ ಐತಿ. ದಿನಾ ನೂರು ಬೈಠಕ್ ಹೊಡೀರಿ. ತೊಡಿ ಗಟ್ಟಿ ಇಲ್ಲದಾಂವ ಎರಡನೇ ದಿನಕ್ಕ ಹಾಸಿಗಿ ಹಿಡೀತಾನ” ಎಂದರು ಇವರು. ಹುಡುಗರಾಗಿದ್ದಾಗ ಗರಡಿಮನೆ ಹೊಕ್ಕವರು ಸಲೀಸಾಗಿ ಹೊಡೆದರು. ಬನಹಟ್ಟಿಯ ನಿಂಗಣ್ಣ ಹನ್ನೆರಡಕ್ಕೆ ಕೂತವನು ಏಳಲೇ ಇಲ್ಲ. ರಾಶಿಯ ಮೇಲಿಂದ ಖಾಲಿ ಗೊಬ್ಬರದ ಚೀಲದ ಮೇಲೆ ಜಾರಿ ಮಗ್ಗುಲಿಗೆ ಬೀಳುವುದನ್ನೂ ಕಲಿಸಿದರು. ಹಿಂದಕ್ಕೆ ಬಿದ್ದರೆ ಮೊಣಕಾಲು ಹೋಗುತ್ತದೆ, ಕೈ ಊರಿದರೆ ಮುಂಗೈ ಹೋಗುತ್ತದೆ. ಸಿಪ್ಪೆ ಮೈಗೆ ಹತ್ತಿ ಎಲ್ಲರೂ ಸೋಮವಾರವಿಡೀ ಕೆರೆದುಕೊಂಡರು.

ಬೂಟಿನ ವಿಷಯಕ್ಕೆ ಬಂದಾಗ ಮಾತ್ರ ಇವರ ದನಿಯೇ ಬೇರೆ. ಅಲ್ಲಿ ಸಾಮಾನು ಬಾಡಿಗೆಗೆ ಸಿಗುತ್ತದೆ, ಇಲ್ಲಿಂದ ಕೊಂಡು ಒಯ್ಯಬೇಡಿ. ಬೂಟಿಗೆ ಮಾತ್ರ ಅವಸರ ಮಾಡಬೇಡಿ, ಹೋದ ದಿನ ಸಂಜೆಯೇ ಅಂಗಡಿ ಹೊಕ್ಕು ಅರ್ಧ ತಾಸು ಹಾಕಿಕೊಂಡು ನಿಲ್ಲಿ. ಬೆರಳು ಆಡಬೇಕು, ಹಿಮ್ಮಡ ಏಳಬಾರದು. ಥಂಡಿಗೆ ಹೆದರಿ ಎರಡು ಜೋಡಿ ಕಾಲುಚೀಲ ಹಾಕಿದವನ ಕಾಲೇ ಮೊದಲು ತಣ್ಣಗಾಗುವುದು. ಒಳಗೆ ಹತ್ತಿಯ ಬನಿಯನ್ ಬೇಡವೇ ಬೇಡ, ಬೆವರಿಗೆ ತೊಯ್ದು ಮೈಗಂಟುತ್ತದೆ. ಉಣ್ಣೆ ತೊಯ್ದರೂ ಬೆಚ್ಚಗಿರುತ್ತದೆ. ಉಣ್ಣೆಯ ಮಾತು ನಮ್ಮ ಮಂದಿಗೆ ಬಿಡಿಸಿ ಹೇಳಬೇಕಾಗಲಿಲ್ಲ, ಮಳೆಯಲ್ಲಿ ಕಂಬಳಿ ಹೊದ್ದು ಕುರಿ ಕಾಯ್ದವರ ಮಕ್ಕಳು. ಮೊದಲ ಮೂರು ದಿನ ಅಲ್ಲಿಯ ಮಾಸ್ತರನ ಹತ್ತಿರ ಪಾಠ ಹೇಳಿಸಿಕೊಳ್ಳಿ, ನಮ್ಮಲ್ಲೇ ಶಾಣ್ಯಾ ಇದ್ದಾನೆಂದು ಒಬ್ಬನ ಹಿಂದೆ ಒಬ್ಬ ಹೋಗಬೇಡಿ. ಕೆಳಗಿರುವವನಿಗೆ ಬೆನ್ನ ಹಿಂದೆ ಕಣ್ಣಿಲ್ಲ, ಮೇಲಿನಿಂದ ಬರುವವನೇ ಬಳಸಿ ಹೋಗಬೇಕು. ಮಧ್ಯಾಹ್ನದ ಮೇಲೆ ಕಾಲು ಸೋಲುತ್ತವೆ. “ಸಾಕು ಅನಸೋಕಿಂತ ಒಂದ ಸುತ್ತು ಮೊದಲ ಬಿಡಬೇಕು. ಮುರಕೊಂಡು ಬಂದಾವ್ರೆಲ್ಲಾ ‘ಇದೊಂದ ಸುತ್ತು’ ಅಂತ ಹೋದಾವ್ರ” ಎಂದು ಪ್ರತಿ ರವಿವಾರವೂ ಹೇಳಿದರು. ಇದನ್ನೆಲ್ಲ ನಾನೇ ಎರಡು ಹಾಳೆಯಲ್ಲಿ ಬರೆದು ಹನ್ನೊಂದು ಜೆರಾಕ್ಸ್ ಮಾಡಿಸಿದೆ. ನಾನು ಸರಕಾರಿ ಗುಮಾಸ್ತೆ, ಸಣ್ಣ ಅಕ್ಷರ ಓದದೆ ಸಹಿ ಹಾಕುವವಳಲ್ಲ. ಪ್ರವಾಸದ ವಿಮೆಯ ಕಾಗದ ತರಿಸಿ ನೋಡಿದರೆ, ಸಾಹಸದ ಆಟದಲ್ಲಿ ಪೆಟ್ಟಾದರೆ ಪರಿಹಾರವಿಲ್ಲ ಎಂದಿತ್ತು. ಜಾರಲು ಹೋಗುವವರಿಗೆ ಜಾರಿದರೆ ಸಿಗದ ವಿಮೆ. ಏಜೆಂಟನಿಗೆ ಫೋನು ಹಚ್ಚಿ ಬೈದು ಬದಲಿ ಮಾಡಿಸಿದೆ.

ಇವರ ಪಾಸ್‌ಪೋರ್ಟ್ ಬಂತು, ವೀಸಾ ಬಂತು. ಆ ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಕಪಾಟಿನಲ್ಲಿಡುವುದು. “ಅಲ್ಲಿ ಮಾಸ್ತರ ಇರ್ತಾನ. ಮೊದಲನೇ ದಿನ ಎಲ್ಲಾರ ಜೋಡಿ ನಾನೂ ಸಾಲಿನ್ಯಾಗ ನಿಂತು ಕಲೀತೇನಿ. ಯಾರಿಗಿ ತಿಳಿಯೂದೈತಿ?” ಎಂದು ನನಗೆ ಹೇಳಿದರು. ಐವತ್ತರ ಹತ್ತಿರ ಬಂದ ಗಂಡಸಿನ ಮುಖದಲ್ಲಿ ಅಂಥ ಖುಷಿ ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೋಗಿ ಬರಲಿ, ಒಂದು ಸಲ ಜಾರಲಿ, ಸುಳ್ಳು ತನ್ನಷ್ಟಕ್ಕೆ ಖರೆಯಾಗಿಬಿಡಲಿ ಎಂದುಕೊಂಡೆ.

ಹೊರಡಲು ವಾರ ಇದ್ದಾಗ ಅಣ್ಣಾಸಾಹೇಬ ತನ್ನ ತಾಯಿ ಸುಂದರವ್ವನನ್ನು ಜೀಪಿನಲ್ಲಿ ಕರೆದುಕೊಂಡು ಬಂದ. ಎಪ್ಪತ್ತು ದಾಟಿದ ಮುದುಕಿ, ನೆಟ್ಟಗಿನ ಬೆನ್ನು. ಬಂದವಳೇ ಪಡಸಾಲೆಯಲ್ಲಿ ತಾನು ತಂದ ಕರಿ ಕಂಬಳಿ ಹಾಸಿದಳು. ಅದರ ಮೇಲೆ ಬೀರೇಶ್ವರನ ಗುಡಿಯ ಭಂಡಾರದ ಚೀಲ ಬಿಚ್ಚಿಟ್ಟಳು. ನಮ್ಮಲ್ಲಿ ಆ ಅರಿಸಿನ ಪುಡಿಯನ್ನು ಹಿಡಿದು ಆಡಿದ ಮಾತಿಗೆ ತಿದ್ದುಪಡಿ ಇಲ್ಲ.

“ಪರಮೇಶಾ, ನಾ ಬ್ಯಾಡಂದ್ರ ಈ ಮಗ ಕೇಳಾಂಗಿಲ್ಲ. ನಿನ್ನ ಮ್ಯಾಲ ಭಾರ ಹಾಕಿ ಹೊಂಟಾನ. ನೀ ಬರ್ಫಿನ ಮ್ಯಾಲ ಇಳದಾಂವ ಅದೀ, ಇವನ್ನೂ ಇಳಸಿಕೊಂಡು ಬರ್ತೀ. ಭಂಡಾರ ಹಿಡದು ಇಷ್ಟ ಅನ್ನು, ನಾ ಸುಮ್ಮನ ಮನಿಗಿ ಹೊಕ್ಕೇನಿ.”

ಇವರು ಕಂಬಳಿಯ ಅಂಚಿನಲ್ಲಿ ಕೂತಿದ್ದರು. ಕೈ ಮುಂದೆ ಬರಲಿಲ್ಲ. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತು ‘ಹಿಡೀರಿ’ ಎಂದು ಕಣ್ಣು ಮಾಡಿದೆ. ಮಾಡಿದೆ, ಮುಚ್ಚಿಡುವುದೇನಿದೆ? ನೌಕರಿಯಲ್ಲಿ ದಿನಕ್ಕೆ ನಲವತ್ತು ಸುಳ್ಳು ಅಫಿಡವಿಟ್ ನೋಡುವವಳು ನಾನು. ಒಂದು ಚಿಟಿಕೆ ಅರಿಸಿನಕ್ಕೆ ಏಳು ಚಳಿಗಾಲದ ಆಸೆ ಕಳೆದುಕೊಳ್ಳುವುದು ನನಗೆ ದಡ್ಡತನವಾಗಿ ಕಂಡಿತು.

“ಯವ್ವಾ, ನಾ ಇಳದಾಂವ ಅಲ್ಲ” ಎಂದರು ಇವರು.

“ಏನಂದ್ರಿ?” ಅಣ್ಣಾಸಾಹೇಬ ಎದ್ದು ನಿಂತ.

“ಸ್ಟೋರಿನ್ಯಾಗ ಇದ್ನಿ. ಬೂಟು ಕೊಡೂದು, ತಗೊಳ್ಳೂದು. ಪಟ್ಟಿ ಒಂದ ಸಲನೂ ಕಾಲಿಗಿ ಕಟ್ಟಿಲ್ಲ. ನಿಮಗ ಹೇಳಿದ್ದೆಲ್ಲಾ ಮಂದಿ ಬಾಯಿಂದ ಕೇಳಿದ್ದು. ಮಾತು ಸುಳ್ಳಲ್ಲ, ನಾ ಸುಳ್ಳು.”

ಸುಂದರವ್ವ ಚೀಲದ ಬಾಯಿ ಕಟ್ಟಿದಳು. “ಹಿಡೀಲಿಲ್ಲ, ಛಲೋ ಮಾಡಿದಿ” ಎಂದಷ್ಟೇ ಅಂದು ಕಂಬಳಿ ಮಡಿಚಿ ಹೆಗಲಿಗೆ ಹಾಕಿ ಹೊರಗೆ ನಡೆದಳು. ಅಣ್ಣಾಸಾಹೇಬನ ಬಾಯಿಂದ ‘ಸಾಹೇಬ್ರ’ ಹೋಗಿ ‘ಲೇ’ ಬಂದಿತ್ತು. “ಒಂದೂವರಿ ತಿಂಗಳಾ ನಮ್ಮನ್ನ ಕಬ್ಬಿನ ಸಿಪ್ಪಿ ಮ್ಯಾಲ ಕುಣಿಸಿದೇನಲೇ? ಬೂಟು ಒರಸಾಂವ ನೀ!” ಎಂದು ನನ್ನ ಎರಡು ಹಾಳೆಯನ್ನು ಕಿಸೆಯಿಂದ ತೆಗೆದು ನಮ್ಮ ಅಂಗಳದಲ್ಲೇ ಹರಿದು ಹೋದ. ಮರುದಿನ ಕಂಪನಿಯಿಂದ ಫೋನು ಬಂತು, ಇವರ ಹೆಸರು ತೆಗೆದಿದ್ದರು.

ಆಮೇಲಿನದು ಬಲು ಬೇಗ ಹಬ್ಬಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಯಾರೋ ಕಾಲು ಮುಂದೆ ಚಾಚಿ “ಸ್ಟೋರ್ ಸಾಹೇಬ್ರ, ಒಂಬತ್ತ ನಂಬರಿನ ಬೂಟು ಕೊಡ್ರಿ” ಎಂದರಂತೆ. ನಗದವರು ಯಾರೂ ಇರಲಿಲ್ಲವಂತೆ. ತಿಮ್ಮಾಪುರದಿಂದ ನಮ್ಮ ಮಾವ ಜಕ್ಕಪ್ಪ ಬಂದು ಒಂದು ತಾಸು ಕೂತು, ಮಗನಿಗೆ ಏನೂ ಹೇಳದೆ ನೀರು ಕುಡಿದು ಹೋದರು. ಅದು ಎಲ್ಲಕ್ಕಿಂತ ಹೆಚ್ಚು ನಾಟಿತು. ಇವರು ಡ್ಯೂಟಿಗೆ ಹೋಗುವುದು ಬರುವುದು ಬಿಟ್ಟರೆ ಪೇಟೆಗೆ ಕಾಲಿಡುವುದನ್ನೇ ನಿಲ್ಲಿಸಿದರು. ನನಗೆ ಸಿಟ್ಟು. ಸುಳ್ಳು ಹೇಳಿದ್ದಕ್ಕಲ್ಲ, ಹನ್ನೆರಡು ವರ್ಷ ಬಾಳಿದ ಸುಳ್ಳನ್ನು ಇನ್ನು ಎಂಟು ದಿನ ಬಾಳಿಸಲಾರದೆ ಹೋದರಲ್ಲ ಎಂದು. ಆ ಮಾತನ್ನು ಒಂದು ದಿನ ಅಂದೂ ಬಿಟ್ಟೆ.

ಡೀಲರರು ಫೆಬ್ರವರಿಯಲ್ಲಿ ಹೋದರು. ಅವರು ಹೋದ ಐದನೆಯ ದಿನ, ಸಂಜೆ ಏಳರ ಸುಮಾರಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ, ಇವರು ಶೇಂಗಾ ಸುಲಿಯುತ್ತಿದ್ದರು. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಮೊದಲು ಗಾಳಿಯ ಸದ್ದು, ಆಮೇಲೆ ಅಣ್ಣಾಸಾಹೇಬನ ದನಿ.

“ಅಕ್ಕಾರ, ಪರಮೇಶಗ ಕೊಡ್ರಿ. ಲಗೂನ ಕೊಡ್ರಿ.”

ಒಳಗೆ ಸಿಗ್ನಲ್ ಸಾಲದೆ ಇವರು ಮಾಳಿಗೆ ಹತ್ತಿದರು. ನಾನೂ ಹಿಂದೆಯೇ ಹೋದೆ. ಫೋನಿನಲ್ಲಿ ಆತ ಕೂಗುತ್ತಿದ್ದುದರಿಂದ ಎಲ್ಲವೂ ನನಗೆ ಕೇಳುತ್ತಿತ್ತು.

“ಪರಮೇಶಾ, ನಾ ಗುಡ್ಡದಾಗ ಸಿಕ್ಕೊಂಡೇನಿ. ಒಬ್ಬನ ಅದೇನಿ. ಉಳದಾವ್ರು ಛಾ ಕುಡಿಯಾಕ ಕೆಳಗ ಹೋದ್ರು. ನಾ ಇನ್ನೊಂದ ಸುತ್ತು ಅಂತ ಮ್ಯಾಲ ಒಯ್ಯೂ ಬ್ಯಾರೆ ತಂತಿ ತೊಟ್ಟಿಲಾ ಹತ್ತಿ ಬಂದ್ನಿ. ಇಲ್ಲಿ ನೋಡಿದ್ರ ಹಾಳಬಾವಿ ಗ್ವಾಡಿ ಹಂಗ ಐತಿ. ಐವತ್ತ ಹೆಜ್ಜಿ ಜಾರೇನಿ, ತಿರುಗಿ ಮ್ಯಾಲ ಹತ್ತಾಕ ಆಗವಲ್ದು.”

“ಅಂಥಾ ಹಾದಿಗಿ ಯಾಕ ಹೋದ್ರಿ ಅಣ್ಣಾರ?”

“ನಕಾಶೆದಾಗ ನೀಲಿ, ಕೆಂಪು, ಕರಿ ಅಂತ ಗೆರಿ ಅದಾವ. ಇಷ್ಟ ದಿನ ನೀಲಿ ಮ್ಯಾಲ ಆಡಿದ್ವಿ. ಕೆಂಪು ಅಂದ್ರ ಮಸಾರಿ ಮಣ್ಣಿನಂಗ ಕಲ್ಲು ದಿನ್ನಿ ಇರಬೇಕು. ಕರಿ ಅಂದ್ರ ಎರಿ ಹೊಲದಂಗ ಸಪಾಟ ಇರ್ತೈತಿ ಅಂತ ತಿಳಕೊಂಡ್ನಿ.”

ನಗಬಾರದ ಹೊತ್ತು, ಆದರೂ ಹೇಳಬೇಕು, ನಮ್ಮ ನಾಲ್ಕು ತಾಲೂಕಿನ ಯಾರನ್ನೇ ಒಯ್ದು ನಿಲ್ಲಿಸಿದ್ದರೂ ಕರಿಯನ್ನೇ ಆರಿಸುತ್ತಿದ್ದರು. ಕಪ್ಪು ಮಣ್ಣಿನ ಎರೆ ಭೂಮಿ ಇದ್ದ ಮನೆಗೆ ಹೆಣ್ಣು ಕೊಡುವ ಮಂದಿ ನಾವು. ಕರಿ ಗೆರೆ ಎಂದರೆ ಎಲ್ಲಕ್ಕಿಂತ ಕಡಿದಾದ ಇಳಿಜಾರು ಎಂದು ಅಲ್ಲಿಯ ಮಾಸ್ತರ ಇಂಗ್ಲಿಷಿನಲ್ಲಿ ಹೇಳಿದ್ದನೋ ಏನೋ, ಅಣ್ಣಾಸಾಹೇಬನ ಇಂಗ್ಲಿಷು ಗೊಬ್ಬರದ ಚೀಲದಾಚೆ ಹೋಗಿರಲಿಲ್ಲ. ಸ್ಟೋರಿನ ಕೌಂಟರಿಗಂತೂ ಬಣ್ಣದ ಗೆರೆಯ ಸುದ್ದಿ ಎಂದೂ ಬಂದಿರಲಿಲ್ಲ.

ಇವರು ಫೋನನ್ನು ಕಿವಿಗೆ ಒತ್ತಿಕೊಂಡರು. “ಗೆರಿಗಿ ಬಣ್ಣ ಇರ್ತಾವು ಅನ್ನೂದು ನನಗ ಗೊತ್ತಿರಲಿಲ್ಲ. ಅದನ್ನ ಹೇಳದ ಬಿಟ್ಟಿದ್ದು ನನ್ನ ತಪ್ಪು. ಟಿಕೀಟಿನ ಹಿಂದ ಸಹಾಯಕ್ಕ ನಂಬರ ಇರಬೇಕಲ್ಲ, ಹಚ್ಚಿದ್ರೇನು?”

“ಹಚ್ಚಿದ್ನಿ. ಅವರ ಮಾತು ನನಗ ತಿಳೀಲಿಲ್ಲ, ನಂದು ಅವರಿಗಿ ತಿಳೀಲಿಲ್ಲ. ನಮ್ಮಾವ್ರು ಯಾರೂ ಫೋನು ಎತ್ತವಲ್ರು. ಇಬ್ಬರು ಬಾಜೂಕಿಲೆ ಹಾರಿಕೋತ ಹೋದ್ರು. ಮಂಜು ಬರಾಕತ್ತೈತಿ. ಕಾಲು ನಡಗಾಕತ್ತಾವಪಾ.” ತೊಂಬತ್ತು ಕಿಲೋದ ಮನುಷ್ಯ ಅಳುತ್ತಿದ್ದ.

“ಅಳಬ್ಯಾಡ್ರಿ. ಕಣ್ಣಾಗ ನೀರು ಬಂದ್ರ ಹಾದಿ ಕಾಣಾಂಗಿಲ್ಲ. ಕುರಿ ಗುಡ್ಡ ಹೆಂಗ ಇಳೀತಾವು ಹೇಳ್ರಿ.”

“ಏನು?”

“ಕುರಿ. ನಿಮ್ಮಪ್ಪಾರ ಕುರಿ. ತಲಿ ಮುಂದ ಮಾಡಿ ನೆಟ್ಟಗ ಇಳೀತಾವೇನು?”

“ಇಲ್ಲ. ಅಡ್ಡಡ್ಡ ಇಳೀತಾವು.”

“ಹಂಗಾರ ಅಡ್ಡ ನಿಂದರ್ರಿ. ಎರಡೂ ಪಟ್ಟಿ ಗುಡ್ಡಕ್ಕ ಅಡ್ಡ. ಗುಡ್ಡದ ಕಡಿ ಇರೂ ಅಂಚು ಬರ್ಫಿನ್ಯಾಗ ಒತ್ರಿ. ಮೊಣಕಾಲ ಬಗ್ಗಸ್ರಿ. ಅಂಜಿ ಗುಡ್ಡಕ್ಕ ಆತುಕೋಬ್ಯಾಡ್ರಿ, ಭಾರ ಕೆಳಗಿನ ಕಾಲ ಮ್ಯಾಲ ಇರಲಿ. ಈಗ ಕೆಳಗಿನ ಕಾಲು ಎತ್ತಿ ಒಂದ ಗೇಣು ಕೆಳಗ. ಊರಿದ್ರಿ? ಮ್ಯಾಲಿನ ಕಾಲು ಅದರ ಹಂತ್ಯಾಕ ತರ್ರಿ. ಆತು. ಇನ್ನೊಂದ ಗೇಣು.”

ಹೇಳುತ್ತ ಹೇಳುತ್ತ ಇವರೂ ಅಡ್ಡ ತಿರುಗಿದರು. ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲಿ, ಮೊಣಕಾಲು ಬಗ್ಗಿಸಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು, ಎರಡು ಕೈಯನ್ನೂ ಕೋಲು ಹಿಡಿದವರಂತೆ ಚಾಚಿದರು. ಅತ್ತ ಆತ ಒಂದು ಗೇಣು ಇಳಿದರೆ ಇತ್ತ ಇವರು ಒಂದು ಗೇಣು ಸರಿದರು. ಆತ ಜಾರಿ ಮಗ್ಗುಲಿಗೆ ಬಿದ್ದಾಗ ಇವರ ಮೈಯೂ ಅದೇ ಕಡೆ ವಾಲಿತು. “ಛಲೋ ಬಿದ್ರಿ, ಮೊಣಕಾಲ ಉಳೀತು. ಪಟ್ಟಿ ಅಡ್ಡ ಮಾಡಿಕೊಂಡ ಏಳ್ರಿ” ಎಂದರು. ನೀರಿನ ಟಾಕಿಯ ಹತ್ತಿರ ಶುರುವಾದವರು ಮಾಳಿಗೆಯ ಆ ತುದಿಯ ಕಟ್ಟೆ ಮುಟ್ಟಿದರು, ಅಲ್ಲಿ ಮುಖ ತಿರುಗಿಸಿ ಮತ್ತೆ ಈ ತುದಿಗೆ ಬಂದರು. ಓಣಿಯಲ್ಲಿ ಮಂದಿ ಸೇರಿತು. ಫೋನಿನ ಆ ಕಡೆ ಯಾರಿದ್ದಾರೆಂದು ಅವರಿಗೇನು ಗೊತ್ತು? “ಸ್ಟೋರ್ ಸಾಹೇಬಗ ತಲಿ ಕೆಟ್ಟಿತಲೇ” ಎಂದು ಯಾರೋ ಕೂಗಿದರು. ಇವರಿಗೆ ಕೇಳಿಸಲೇ ಇಲ್ಲ. ಇವರು ನಮ್ಮ ಮಾಳಿಗೆಯ ಮೇಲೆ ಇರಲೇ ಇಲ್ಲ.

ಐವತ್ತು ನಿಮಿಷ ಹಿಡಿಯಿತು.

“ಬಂದ್ನಿ. ಸಪಾಟಕ್ಕ ಬಂದ್ನಿ ಪರಮೇಶಾ” ಎಂದ ಅಣ್ಣಾಸಾಹೇಬ. ಉಸಿರು ಬಿಡುವುದು ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, “ನೀ ಖರೇನ ಒಮ್ಮೆನೂ ಇಳದಿಲ್ಲೇನು?”

“ಇಲ್ರಿ.”

“ಒಂದ ಮಾತು. ಇದನ್ನ ಯಾರ ಮುಂದೂ ಅನಬ್ಯಾಡ. ಅವ್ವಗ ತಿಳದ್ರ ಎದಿ ಒಡಕೋತಾಳ. ಮಾತು ಕೊಡು.”

“ಕೊಟ್ನಿ. ಅನ್ನಾಂಗಿಲ್ರಿ” ಎಂದರು ಇವರು.

ಫೋನು ಇಟ್ಟಮೇಲೆ ಇವರ ತೊಡೆ ಗಡಗಡ ನಡುಗುತ್ತಿದ್ದವು. ಮೆಟ್ಟಿಲು ಇಳಿಯಲು ಆಗಲಿಲ್ಲ. ಹೆಗಲು ಕೊಟ್ಟು ಕೆಳಗೆ ತಂದೆ. ಅಂದು ಭಂಡಾರ ಹಿಡಿದಿದ್ದರೆ ಇವರೂ ಆ ಗುಡ್ಡದಲ್ಲಿ, ಐದು ದಿನದ ವಿದ್ಯೆಯೊಂದಿಗೆ, ಆತನ ಪಕ್ಕದಲ್ಲೇ ನಡುಗುತ್ತ ನಿಂತಿರುತ್ತಿದ್ದರು. ಕಣ್ಣು ಮಾಡಿದವಳು ನಾನು. ಒಲೆಯ ಮುಂದೆ ಕೂತು ಅತ್ತೆ. ಸೀದ ರೊಟ್ಟಿಯ ಹೊಗೆ ಎಂದು ಸುಳ್ಳು ಹೇಳಿದೆ.

ಡೀಲರರು ಹಾರ ಹಾಕಿಸಿಕೊಂಡು ತಿರುಗಿ ಬಂದರು. ಅಣ್ಣಾಸಾಹೇಬನ ಅಂಗಡಿಯಲ್ಲಿ ಆತ ಹಿಮದ ಮೇಲೆ ನಿಂತ ದೊಡ್ಡ ಫೋಟೋ ಬಂತು. ಕರಿ ಗೆರೆ ಇಳಿದವನೆಂದು ಊರೆಲ್ಲ ಕೊಂಡಾಡಿತು, ಆತ ಬೇಡ ಎನ್ನಲಿಲ್ಲ. ದಾರಿಯಲ್ಲಿ ಇವರು ಸಿಕ್ಕರೆ ಜೀಪು ನಿಲ್ಲಿಸಿ ಕೈ ಮುಗಿಯುತ್ತಿದ್ದ, ಅದೂ ಯಾರೂ ಇಲ್ಲದಾಗ. ಇವರ ಹೆಸರು ಮಾತ್ರ ಸ್ಟೋರ್ ಸಾಹೇಬ ಎಂದೇ ಉಳಿಯಿತು. ಮಾಳಿಗೆಯ ಮೇಲೆ ಲುಂಗಿ ಕಟ್ಟಿ ಜಾರಿದ್ದು ಅದಕ್ಕೊಂದು ಬಾಲವಾಗಿ ಸೇರಿತು. ಕ್ಯಾಂಟೀನಿನಲ್ಲಿ ಆ ನಡಿಗೆಯನ್ನು ಆಡಿ ತೋರಿಸುವವರಿದ್ದಾರೆ. ಇವರು ಚಹಾ ಕುಡಿದು ಎದ್ದು ಬರುತ್ತಾರೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಸುಂದರವ್ವ ತೀರಿಕೊಂಡಳು. ಎದೆ ಒಡೆದುಕೊಳ್ಳಲು ಈಗ ಯಾರೂ ಇಲ್ಲ. ಆದರೂ ಇವರು ಹೇಳುವುದಿಲ್ಲ, ಕೊಟ್ಟ ಮಾತು ಕೊಟ್ಟದ್ದೇ ಅನ್ನುತ್ತಾರೆ. ಇರಲಿ. ಮಾತು ಕೊಟ್ಟವರು ಅವರು. ನನ್ನನ್ನು ಯಾರೂ ಕೇಳಿರಲಿಲ್ಲ.